ಮಗುವಿಗೊಂದು ರೀತಿ, ಅಜ್ಜಿಗೊಂದು ರೀತಿ: ಮಾತಿನ ಚಿಕಿತ್ಸೆಗೆ ಹೋಗುವುದು ಹೇಗೆ?

ಮನೆಯಲ್ಲಿ ಯಾರನ್ನಾದರೂ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಬೇಕು ಅಂದಾಗ ಮಲೆನಾಡಿನಲ್ಲಿ ಮೊದಲು ಬರುವ ಮಾತು, ‘ಯಾರಾದ್ರೂ ನೋಡಿದ್ರೆ?’ ಬಸ್‌ಸ್ಟ್ಯಾಂಡಿನಲ್ಲೇ ನಾಲ್ಕು ಜನ ‘ಏನು, ಶಿವಮೊಗ್ಗಕ್ಕಾ?’ ಅಂತ ಕೇಳುವ ಊರುಗಳಲ್ಲಿ ಈ ಅಳುಕು ಸಹಜವೇ. ಆದರೆ ಧೈರ್ಯ ಮಾಡಿ ಹೋದವರೂ ಒಂದೇ ಸಲಕ್ಕೆ ಬಿಟ್ಟುಬಿಡುತ್ತಾರೆ. ‘ಬರೀ ಮಾತಾಡಿಸಿ ಕಳಿಸಿದ್ರು’ ಅನ್ನುತ್ತಾರೆ. ಯಾವ ವಯಸ್ಸಿಗೆ ಈ ಚಿಕಿತ್ಸೆ ಹೇಗಿರುತ್ತದೆ, ಜೊತೆಗೆ ಹೋದವರ ಕೆಲಸವೇನು ಅನ್ನುವುದು ಮೊದಲೇ ಗೊತ್ತಿದ್ದರೆ ಹೀಗಾಗುವುದಿಲ್ಲ.

ಯಾರ ಹತ್ತಿರ ಹೋಗುವುದು?

ಮನೋವೈದ್ಯರು ಡಾಕ್ಟರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಉಂಟು. ಡಾಕ್ಟರು ಬರುತ್ತಾರಾ ಅಂತ ಹಿಂದಿನ ದಿನ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಹೊರಡುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಟೆಲಿ ಮನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಊರಿನವರು ‘ಲೈನ್ ಕಟ್ಟಾಗಬಹುದು’ ಅಂತ ಮೊದಲೇ ಹೇಳಿಬಿಡಿ.

ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಯಾವಾಗಿನಿಂದ ಹೀಗಿದೆ, ನಿದ್ದೆ ಊಟ ಹೇಗಿದೆ, ಈಗ ಯಾವ ಮಾತ್ರೆ ನಡೆಯುತ್ತಿದೆ. ನಿಮಿತ್ತ ಕೇಳಿಸಿದ್ದು, ತಾಯತ ಕಟ್ಟಿಸಿದ್ದು ಇದ್ದರೆ ಅದನ್ನೂ ಹೇಳಿ. ಯಾರೂ ನಗುವುದಿಲ್ಲ.

ಚಿಕ್ಕ ಮಕ್ಕಳಾದರೆ

ಏಳೆಂಟು ವರ್ಷದ ಮಗು ‘ನನಗೆ ಆತಂಕ’ ಅನ್ನುವುದಿಲ್ಲ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತದೆ. ಹಾಗಾಗಿ ಇಲ್ಲಿ ಚಿಕಿತ್ಸೆ ಅಂದರೆ ಆಟ, ಗೊಂಬೆ, ಬಣ್ಣದ ಪೆನ್ಸಿಲ್ಲು. ಐಸ್‌ಕ್ರೀಂ ಕೊಡಿಸ್ತೀನಿ ಅಂತ ಸುಳ್ಳು ಹೇಳಿ ಕರೆದೊಯ್ಯಬೇಡಿ. ‘ಒಬ್ರು ಮಾತಾಡಿಸ್ತಾರೆ, ಆಟ ಆಡಿಸ್ತಾರೆ, ಸೂಜಿ ಚುಚ್ಚಲ್ಲ’ ಅಂದರೆ ಸಾಕು. ಥೆರಪಿಸ್ಟ್, ಅಂದರೆ ಮಾತಿನ ಚಿಕಿತ್ಸೆ ಕೊಡುವವರು, ಮನೆಯಲ್ಲಿ ಮಾಡಿ ಅಂತ ಕೊಡುವ ಹೋಮ್‌ವರ್ಕ್ ಜಾಸ್ತಿ ಬರುವುದು ಅಪ್ಪ ಅಮ್ಮನಿಗೇ.

ಹದಿಹರೆಯದವರಾದರೆ

ಇಲ್ಲಿ ಅಪ್ಪ ಅಮ್ಮನ ಕೆಲಸ ಉಲ್ಟಾ: ಹೊರಗೆ ಕೂರುವುದು. ಮೊದಲ ಹತ್ತು ನಿಮಿಷ ಎಲ್ಲರೂ ಒಳಗಿರಬಹುದು, ಆಮೇಲೆ ಎದ್ದುಬನ್ನಿ. ಬಸ್ಸಿನಲ್ಲಿ ‘ಏನು ಕೇಳಿದ್ರು?’ ಅಂತ ಶುರು ಹಚ್ಚಿಕೊಳ್ಳಬೇಡಿ. ಥೆರಪಿಸ್ಟ್ ಏನನ್ನು ಮನೆಯವರಿಗೆ ಹೇಳುತ್ತಾರೆ, ಏನನ್ನು ಹೇಳುವುದಿಲ್ಲ ಅನ್ನುವುದನ್ನು ಮೊದಲ ದಿನವೇ ಮೂವರೂ ಕೂತು ಮಾತಾಡಿಕೊಳ್ಳಿ. ಜೀವಕ್ಕೆ ಅಪಾಯ ಅನಿಸಿದರೆ ಅವರೇ ನಿಮಗೆ ತಿಳಿಸುತ್ತಾರೆ. ಪಿಯುಸಿ ಮಾರ್ಕ್ಸ್ ಜಾಸ್ತಿ ಮಾಡಿಸಿಕೊಡಿ ಅಂತ ಬರುವ ಪೋಷಕರಿದ್ದಾರೆ. ಅದು ಇವರ ಕೆಲಸವಲ್ಲ.

ಸಂಸಾರ ತೂಗಿಸುವವರಾದರೆ

ಎಲೆಚುಕ್ಕಿ ರೋಗ ಬಿದ್ದ ಅಡಿಕೆ ತೋಟದ ಯಜಮಾನರೊಬ್ಬರು ರಾತ್ರಿಯಿಡೀ ಎದ್ದು ಕೂರುತ್ತಾರೆ ಅಂದುಕೊಳ್ಳಿ. ಥೆರಪಿಸ್ಟ್ ಅವರಿಗೆ ‘ಚಿಂತೆ ಮಾಡ್ಬೇಡಿ’ ಅನ್ನುವುದಿಲ್ಲ. ರೋಗ ನಿಜ, ಸಾಲವೂ ನಿಜ. ಬದಲಿಗೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸುತ್ತಾರೆ. ಒಂದು ಕಡೆ ನಡೆದದ್ದು: ‘ಮೇಲಿನ ತೋಟದಲ್ಲಿ ಸೋಗೆ ಒಣಗಿದೆ.’ ಪಕ್ಕದಲ್ಲಿ ಆಗ ಬಂದ ಯೋಚನೆ: ‘ಇನ್ನು ನಮ್ಮ ಕಥೆ ಮುಗೀತು.’ ಅದರ ಪಕ್ಕ ಮೈಗೆ ಆಗಿದ್ದು: ಎದೆ ಡವಡವ, ನಿದ್ದೆ ಇಲ್ಲ. ಕೊನೆಗೆ, ಇದೇ ಸಂಗತಿಯನ್ನು ಇನ್ನು ಹೇಗೆ ಹೇಳಬಹುದು ಅಂತ ಅವರಿಂದಲೇ ಬರೆಸುತ್ತಾರೆ: ‘ಕೆಳಗಿನ ತೋಟ ಇನ್ನೂ ಚೆನ್ನಾಗಿದೆ. ಬ್ಯಾಂಕಿಗೆ ಹೋಗಿ ಕಂತಿನ ಬಗ್ಗೆ ಮಾತಾಡಬೇಕು.’ ವಾರವಿಡೀ ಇದನ್ನು ಮನೆಯಲ್ಲಿ ಬರೆಯಬೇಕು. ಕೇಳಲು ಸುಮ್ನೆ ಲೆಕ್ಕ ಬರೆದಂತೆ ಕಾಣುತ್ತೆ, ಅಲ್ವಾ? ಖಿನ್ನತೆ, ಆತಂಕಕ್ಕೆ ಚೆನ್ನಾಗಿ ಪರೀಕ್ಷೆಗೆ ಒಳಗಾದ ವಿಧಾನಗಳಲ್ಲಿ ಇದೂ ಒಂದು. ಸಾಮಾನ್ಯವಾಗಿ 6ರಿಂದ 20 ಸಲ, ಪ್ರತಿ ಸಲ ಮುಕ್ಕಾಲು ಗಂಟೆಯಷ್ಟು ಕೂರಬೇಕಾಗುತ್ತದೆ.

ಬಾಣಂತಿಯ ಅಳು, ಬೇಸರ ಎರಡು ವಾರ ದಾಟಿದರೆ ‘ಬಾಣಂತನದಲ್ಲಿ ಹೀಗೇ’ ಅಂತ ಬಿಡದೆ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಹೇಳಿ. ಎದೆಹಾಲು ಕೊಡುವಾಗಲೂ ಚಿಕಿತ್ಸೆ ಸಾಧ್ಯ.

ಹಿರಿಯರಾದರೆ

ವಯಸ್ಸಾದವರ ಖಿನ್ನತೆ ಸೊಂಟನೋವು, ಮರೆವು, ‘ಊಟ ಬೇಡ’ ಅನ್ನುವ ರೂಪದಲ್ಲಿ ಬರುತ್ತದೆ. ಮೊದಲು ಥೈರಾಯ್ಡ್, ಬಿ12, ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳದವರಿಗೆ ಮಾತಿನ ಚಿಕಿತ್ಸೆ ಕೊಡುವುದು ಹೇಗೆ? ಇಲ್ಲಿ ಎಲ್ಲವೂ ನಿಧಾನ. ಹಳೆಯ ಬದುಕನ್ನು ನೆನಪಿಸಿಕೊಂಡು ಹೇಳುವುದೇ ಒಂದು ವಿಧಾನ. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಈ ಬಗ್ಗೆ ಬರೆದಿದ್ದರು. ಜೊತೆಗೆ ಬಿಟ್ಟುಹೋದ ಸಣ್ಣ ಕೆಲಸಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸುತ್ತಾರೆ: ಬೆಳಿಗ್ಗೆ ತೋಟದ ಕಡೆ ಒಂದು ಸುತ್ತು, ಸಂಜೆ ತಂಗಿಗೆ ಫೋನು. ಬೆಂಗಳೂರಿನ ಮಗ ವಿಡಿಯೊ ಕಾಲ್‌ನಲ್ಲಿ ಕೂತು ಅಜ್ಜಿಗೆ ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಕೊಡುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಕು.

ಯಾವ ವಯಸ್ಸಿನವರೇ ಆಗಲಿ, ಸಾಯುವ ಮಾತಾಡಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಒಬ್ಬರನ್ನೇ ಬಿಡಬೇಡಿ, ತೋಟಕ್ಕೆ ತಂದ ಔಷಧಿಗೆ ಬೀಗ ಹಾಕಿ, 14416ಕ್ಕೆ ಫೋನ್ ಮಾಡಿ. ತುರ್ತಾದರೆ 108.

ಮೂರ್ನಾಲ್ಕು ಸಲ ಹೋದರೂ ಆ ಥೆರಪಿಸ್ಟ್ ಜೊತೆ ಮಾತು ಕೂಡುತ್ತಿಲ್ಲ ಅನಿಸಿದರೆ ಅವರಿಗೇ ಹೇಳಿ, ಬೇರೆಯವರ ಹತ್ತಿರ ಹೋಗಬಹುದು. ಹೊಸನಗರ, ಸೊರಬದ ಒಳ ಹಳ್ಳಿಗಳಿಂದ ಮಳೆಗಾಲದಲ್ಲಿ ವಾರವಾರ ಶಿವಮೊಗ್ಗಕ್ಕೆ ಬರುವುದು ಕಷ್ಟ. ಒಂದು ವಾರ ಮುಖಾಮುಖಿ, ಒಂದು ವಾರ ಫೋನಿನಲ್ಲಿ ಆಗುತ್ತಾ ಅಂತ ಮೊದಲ ದಿನವೇ ಕೇಳಿಕೊಳ್ಳಿ. ಫೀಸನ್ನೂ ಆಗಲೇ ವಿಚಾರಿಸಿ.