ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ಯುವ ಮುಂಚೆ ಇಳಿತದ ಹೊತ್ತು ನೋಡಿ

ಬಸ್ಸು, ಊಟದ ಲೆಕ್ಕ ಆಮೇಲೆ. ಮೊದಲು ಸಮುದ್ರದ ಇಳಿತದ ಸಮಯ ನೋಡಿಕೊಳ್ಳಿ. ಬಂಡೆ ನಡುವಿನ ಜೀವಿಗಳನ್ನು ಮಕ್ಕಳಿಗೆ ತೋರಿಸಬೇಕಾದರೆ ನೀರು ಪೂರ್ತಿ ಇಳಿಯುವ ಒಂದು ಗಂಟೆ ಮುಂಚೆಯೇ ಬಂಡೆಗಳ ಹತ್ತಿರ ಇರಬೇಕು. ಹೆಚ್ಚಿನ ಕಡೆ ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹೋದ ವಾರದ ಸಮಯ ನಂಬಬೇಡಿ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಆದರೆ ಏರುವಾಗಲೂ ಅಷ್ಟೇ ಜಾಸ್ತಿ ಏರುತ್ತದೆ ಅಲ್ವಾ? ದೊಡ್ಡವರೊಬ್ಬರು ಬೇರೇನೂ ಮಾಡದೆ ನೀರಿನ ಮೇಲೇ ಕಣ್ಣಿಟ್ಟಿರಲಿ.

ಇಡೀ ದ್ವೀಪ ಸುತ್ತಿಸಬೇಡಿ, ಬಂಡೆ ನಡುವಿನ ಒಂದು ನೀರಿನ ಗುಂಡಿ ಸಾಕು. ನೆರಳು ಬೀಳದಂತೆ ಹತ್ತು ನಿಮಿಷ ಸುಮ್ನೆ ಕೂತರೆ, ಖಾಲಿ ಅಂದುಕೊಂಡ ಚಿಪ್ಪು ಮೆಲ್ಲಗೆ ನಡೆಯಲು ಶುರುಮಾಡಬಹುದು. ಒಳಗೊಂದು ಪುಟ್ಟ ಏಡಿ! ಕಲ್ಲು ಎತ್ತಿದರೆ ಮೊದಲಿದ್ದ ಹಾಗೇ ಇಡಿಸಿ. ಮಗುಚಿ ಬಿಟ್ಟರೆ ಅಡಿಯಲ್ಲಿ ಅಂಟಿಕೊಂಡ ಜೀವಿಗಳು ಬಿಸಿಲಿಗೆ ಒಣಗಿಹೋಗುತ್ತವೆ.