ಹಳದಿ ಕಂಡ ಕೂಡಲೇ ಕೊಳ್ಳಬೇಡಿ: ಹಾರ್ಡ್‌ಕೋರ್ ಪಂಕ್‌ನ ಬಣ್ಣದ ರೆಕಾರ್ಡ್ ಸಂಗ್ರಹಿಸುವ ಬಗೆ

ಹಳದಿ ತಟ್ಟೆ ಕೈಗೆ ಬಂದ ದಿನ ನಾನೇ ಒಲೆ ಹಚ್ಚಿ ಮನೆಮಂದಿಗೆಲ್ಲ ಕಾಫಿ ಮಾಡಿಕೊಟ್ಟಿದ್ದೆ. ಮೂರನೆಯ ದಿನ ಅದು ನಕಲಿ ಎಂದು ತಿಳಿಯಿತು. ಅಮೆರಿಕದ ಮಿಸ್‌ಫಿಟ್ಸ್ ತಂಡ 1979ರಲ್ಲಿ ತನ್ನದೇ ಪ್ಲಾನ್ 9 ಎಂಬ ಲೇಬಲ್ಲಿನಿಂದ, ಅಂದರೆ ರೆಕಾರ್ಡ್ ಕಂಪನಿಯಿಂದ, ಹೊರತಂದ ‘ಹಾರರ್ ಬಿಸಿನೆಸ್’ ಎಂಬ ಏಳು ಇಂಚಿನ ರೆಕಾರ್ಡು ಅದು. ಮೂಲ ಪ್ರತಿ ಹಳದಿ ಎಂದು ಓದಿದ್ದೆ, ಹಳದಿ ಕಂಡಿತು, ಕೊಂಡುಬಿಟ್ಟೆ. ಚಿನ್ನ ಅಗೆದ ಜಿಲ್ಲೆಯಲ್ಲಿ ಹುಟ್ಟಿದವನು ಒರೆಗಲ್ಲಿಗೆ ಉಜ್ಜದೆ ಹಳದಿಯನ್ನು ನಂಬಿದೆನಲ್ಲ ಎಂದು ಇವತ್ತಿಗೂ ನಾಚಿಕೆ.

ಈಗ ಕೋಲಾರದ ಹುಡುಗರು ಕೆಲವರು ಹಳೆಯ ಪ್ಲೇಯರ್ ರಿಪೇರಿ ಮಾಡಿಸಿಕೊಂಡು ರೆಕಾರ್ಡ್ ಹುಡುಕತೊಡಗಿದ್ದಾರೆ. ಅದರಲ್ಲೂ ಹಾರ್ಡ್‌ಕೋರ್ ಪಂಕ್‌ನ ಬಣ್ಣಬಣ್ಣದ ಪ್ರತಿಗಳ ಮೇಲೆ ಒಬ್ಬಿಬ್ಬರ ಕಣ್ಣು ಬಿದ್ದಿದೆ. ಅವರ ದುಡ್ಡು ನನ್ನ ದುಡ್ಡಿನ ದಾರಿ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಾರ್ಡ್‌ಕೋರ್ ಎಂದರೆ ಪಂಕ್ ಎಂಬ ಒರಟು ರಾಕ್ ಸಂಗೀತಕ್ಕೆ ಇನ್ನಷ್ಟು ವೇಗ, ಇನ್ನಷ್ಟು ಸಿಟ್ಟು ಸೇರಿಸಿದ ಬಗೆ. 1970ರ ದಶಕದ ಕೊನೆ, 80ರ ದಶಕದ ಆರಂಭದಲ್ಲಿ ಅಮೆರಿಕದ ಊರೂರಿನ ಹದಿಹರೆಯದವರು ಕಟ್ಟಿದ್ದು. ವಾಷಿಂಗ್ಟನ್‌ನ ಮೈನರ್ ಥ್ರೆಟ್ ತಂಡದ 1981ರ ಮೊದಲ ಏಳಿಂಚಿನಲ್ಲಿ ಎಂಟು ಹಾಡುಗಳಿವೆ. ಲೋಟದ ಕಾಫಿ ಆರುವುದರೊಳಗೆ ಎಂಟೂ ಮುಗಿಯುತ್ತವೆ. ನಮ್ಮ ಅಮ್ಮ ಮೊದಲ ಸಲ ಕೇಳಿದಾಗ ಅಡುಗೆಮನೆಯಿಂದ ಹೊರಬಂದು, ‘ಯಾರ ಮನೆಯಲ್ಲೋ ಜಗಳ?’ ಎಂದಿದ್ದರು.

ದೊಡ್ಡ ಕಂಪನಿಗಳು ಇವರನ್ನು ಮೂಸಿಯೂ ನೋಡಲಿಲ್ಲ. ಹಾಗಾಗಿ ತಂಡದವರೇ ಲೇಬಲ್ ಮಾಡಿಕೊಂಡು, ಕೂಡಿಟ್ಟ ಕಾಸಿನಲ್ಲಿ ಕೆಲವೇ ಪ್ರತಿ ಒತ್ತಿಸಿದರು. ಡಿಸ್ಕಾರ್ಡ್ ಲೇಬಲ್ 1980ರಲ್ಲಿ ಟೀನ್ ಐಡಲ್ಸ್ ತಂಡದ ರೆಕಾರ್ಡನ್ನು ಒತ್ತಿಸಿದ್ದು 1,000 ಪ್ರತಿ. ಕವರುಗಳನ್ನು ಗೆಳೆಯರು ಕೂತು ಕತ್ತರಿಸಿ, ಮಡಚಿ, ಗೋಂದು ಹಚ್ಚಿದ್ದರು. ಒಹಾಯೊದ ನೆಕ್ರೋಸ್ ತಂಡದ 1981ರ ಮೊದಲ ರೆಕಾರ್ಡು ಕೇವಲ 100 ಪ್ರತಿ. ಅಪರೂಪವೆಂಬುದು ಹೀಗೆ ಬಡತನದಿಂದ ಹುಟ್ಟಿತು. ಬೇಕೆಂದೇ ಕಡಿಮೆ ಒತ್ತಿಸುವ ಜಾಣತನ ಆಮೇಲೆ ಬಂದದ್ದು.

ಮೊದಲು ಬೇಲಿ ಹಾಕಿಕೊಳ್ಳಿ

ಎಲ್ಲವನ್ನೂ ಸಂಗ್ರಹಿಸಲು ಹೊರಟವನ ಬಳಿ ಕೊನೆಗೆ ಉಳಿಯುವುದು ಸಾಲ. ಒಂದು ತಂಡ, ಇಲ್ಲವೇ ಒಂದು ಲೇಬಲ್, ಇಲ್ಲವೇ ಒಂದು ಊರಿನ ಐದು ವರ್ಷ ಎಂದು ಗಡಿ ಹಾಕಿಕೊಳ್ಳಿ. ಹೊಸಬರಿಗೆ ನಾನು ಹೇಳುವುದು 1987ರಲ್ಲಿ ಆರಂಭವಾದ ರೆವೆಲೇಷನ್ ರೆಕಾರ್ಡ್ಸ್. ಗೊರಿಲ್ಲಾ ಬಿಸ್ಕಿಟ್ಸ್, ವಾರ್‌ಜೋನ್, ಜಡ್ಜ್ ಮೊದಲಾದ ತಂಡಗಳು ಅಲ್ಲಿವೆ. ಪ್ರತಿ ರೆಕಾರ್ಡಿಗೂ ಕ್ರಮಸಂಖ್ಯೆ ಇದೆ. ಯಾವ ಬಣ್ಣ ಯಾವಾಗ ಬಂತು ಎಂಬ ಲೆಕ್ಕವನ್ನು ಸಂಗ್ರಾಹಕರು ವರ್ಷಗಟ್ಟಲೆ ಕೂತು ಬರೆದಿಟ್ಟಿದ್ದಾರೆ. ಲೆಕ್ಕ ಇರುವ ಕಡೆ ಮೋಸ ಕಡಿಮೆ.

ಗಡಿ ಹಾಕಿಕೊಂಡ ಮೇಲೆ ಒಂದು ನೋಟುಪುಸ್ತಕ ತೆಗೆದುಕೊಂಡು ಆ ಗಡಿಯೊಳಗಿನ ಪ್ರತಿ ರೆಕಾರ್ಡಿಗೂ ಒಂದು ಪುಟ ಬಿಡಿ. ಎಷ್ಟನೆಯ ಪ್ರೆಸಿಂಗ್ (ಅಂದರೆ ಎಷ್ಟನೆಯ ಸಲ ಒತ್ತಿಸಿದ್ದು), ಯಾವ ಬಣ್ಣ, ಎಷ್ಟು ಪ್ರತಿ, ಲೇಬಲ್ ಕಾಗದದ ಬಣ್ಣ, ಒಳಗೆ ಹಾಡಿನ ಸಾಹಿತ್ಯದ ಹಾಳೆ ಇತ್ತೇ ಇಲ್ಲವೇ, ಎಲ್ಲ ಬರೆಯಿರಿ. 2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಒಂದೇ ಹಾಡುಗಳ ಒಂದೊಂದು ಪ್ರೆಸಿಂಗಿಗೂ ಬೇರೆ ಬೇರೆ ಪುಟವಿದೆ. ಮೂರು ತಿಂಗಳು ಕೊಳ್ಳದೆ ಬರೀ ಬರೆಯಿರಿ. ಇದು ಯಾರಿಗೂ ರುಚಿಸದ ಸಲಹೆ ಎಂದು ಗೊತ್ತು. ನನಗೂ ಯಾರೋ ಹೇಳಿದ್ದರು, ಕೇಳಲಿಲ್ಲ.

ಬಣ್ಣ ಬರುವುದು ಎಲ್ಲಿಂದ

ರೆಕಾರ್ಡು ಮಾಡುವ ಪಿವಿಸಿ ಎಂಬ ಪ್ಲಾಸ್ಟಿಕ್ ತನ್ನಷ್ಟಕ್ಕೆ ಕಪ್ಪಲ್ಲ. ಕಾರ್ಬನ್ ಮಸಿ ಬೆರೆಸಿದಾಗ ಕಪ್ಪಾಗುತ್ತದೆ. ಏನೂ ಬೆರೆಸದಿದ್ದರೆ ಬಂಗಾರಪೇಟೆ ಪಾನಿಪುರಿಯ ನೀರಿನಂತೆ ಆಚೆಬದಿ ಕಾಣುತ್ತದೆ. ಹಾಡನ್ನು ಮೊದಲು ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೊರೆದು, ಅದರಿಂದ ನಿಕ್ಕಲ್ ಅಚ್ಚು ತೆಗೆಯುತ್ತಾರೆ. ಪಿವಿಸಿ ಹರಳುಗಳನ್ನು ಕಾಯಿಸಿ, ನಮ್ಮ ರಾಗಿಮುದ್ದೆಯ ಹಾಗೆ ಒಂದು ಮುದ್ದೆ ಮಾಡಿ, ಮೇಲೊಂದು ಕೆಳಗೊಂದು ಲೇಬಲ್ ಕಾಗದವಿಟ್ಟು, ಎರಡು ಅಚ್ಚುಗಳ ನಡುವೆ ಹಬೆಯ ಶಾಖದಲ್ಲಿ ಒತ್ತುತ್ತಾರೆ. ಕಾಗದಕ್ಕೆ ಗೋಂದು ಬೇಡ, ಶಾಖ ಮತ್ತು ಒತ್ತಡಕ್ಕೇ ಅದು ಹತ್ತಿಕೊಳ್ಳುತ್ತದೆ.

ಬಣ್ಣ ಬದಲಿಸಬೇಕೆಂದರೆ ಅಚ್ಚು ಬದಲಿಸಬೇಕಿಲ್ಲ, ಹರಳು ಬದಲಿಸಿದರೆ ಆಯಿತು. ಅದಕ್ಕೇ ಒಂದು ಸಣ್ಣ ಲೇಬಲ್ ಕೂಡ ನೂರು ಕೆಂಪು, ಮುನ್ನೂರು ನೀಲಿ, ಉಳಿದದ್ದು ಕಪ್ಪು ಎಂದು ಒತ್ತಿಸಬಹುದು. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೊರಳುವಾಗ ಯಂತ್ರದಲ್ಲಿ ಉಳಿದ ಹಳೆಯದು ಹೊಸದರೊಂದಿಗೆ ಕಲಸಿ ಕೆಲವು ತಟ್ಟೆಗಳು ಮೋಡಮೋಡವಾಗಿ ಬರುತ್ತವೆ. ಅವುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಬೆಲೆಯ ಮಾತು ಬಿಡಿ, ನೋಡಲು ನನಗೆ ಅವೇ ಇಷ್ಟ. ಬೇಕೆಂದೇ ಬೇರೆ ಬಣ್ಣದ ಹರಳು ಎರಚಿ ಒತ್ತಿದ ಸ್ಪ್ಲ್ಯಾಟರ್ ರೆಕಾರ್ಡುಗಳು ಹೋಳಿ ಆಡಿ ಬಂದ ಅಂಗಿಯ ಹಾಗೆ ಕಾಣುತ್ತವೆ. ಗೋಡೆಗೆ ಸರಿ, ಕಿವಿಗೆ ಹಲವು ಸಲ ಚರಚರ.

ಬಣ್ಣದ್ದೇ ಅಪರೂಪ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಿಸ್‌ಫಿಟ್ಸ್ ತಂಡದ್ದೇ 1978ರ ‘ಬುಲೆಟ್’ ಮೊದಲು ಬಂದದ್ದು ಕಪ್ಪಿನಲ್ಲಿ. ಕೆಂಪು ಬಂದದ್ದು ಎರಡನೆಯ ಸಲ. ‘ಹಾರರ್ ಬಿಸಿನೆಸ್’ ವಿಷಯದಲ್ಲಿ ಹಳದಿಯೇ ಸಾಮಾನ್ಯ. ಬೆರಳೆಣಿಕೆಯಷ್ಟಿರುವ ಕಪ್ಪು ಪ್ರತಿಗೇ ಸಂಗ್ರಾಹಕರು ಬಾಯಿ ಬಿಡುವುದು.

ಇನ್ನು ಎಲ್ಲರ ಕನಸಿನ ರೆಕಾರ್ಡು ಬಿಳಿಯದು. ನ್ಯೂಯಾರ್ಕಿನ ಜಡ್ಜ್ ತಂಡ 1989ರಲ್ಲಿ ಚಂಗ್ ಕಿಂಗ್ ಎಂಬ ಸ್ಟುಡಿಯೊದಲ್ಲಿ ಹಾಡುಗಳನ್ನು ಧ್ವನಿಮುದ್ರಿಸಿತು. ಕೇಳಿದರೆ ತಂಡಕ್ಕೇ ಹಿಡಿಸಲಿಲ್ಲ. ಬೇರೆ ಕಡೆ ಹೋಗಿ ಎಲ್ಲವನ್ನೂ ಮತ್ತೆ ನುಡಿಸಿ ‘ಬ್ರಿಂಗಿನ್ ಇಟ್ ಡೌನ್’ ತಂದರು. ಅಷ್ಟರಲ್ಲಿ ಮುಂಗಡ ಕಳಿಸಿದ ಹುಡುಗರು ಕಾದು ಕಾದು ಸುಸ್ತಾಗಿದ್ದರು. ಅವರ ಸಮಾಧಾನಕ್ಕೆಂದು ರೆವೆಲೇಷನ್‌ನವರು ಆ ಕೆಟ್ಟ ಧ್ವನಿಮುದ್ರಣವನ್ನೇ ಸುಮಾರು 110 ಬಿಳಿ ತಟ್ಟೆಗಳಲ್ಲಿ ಒತ್ತಿಸಿ, ಸ್ಟುಡಿಯೊವನ್ನು ಬೈಯುವ ‘ಚಂಗ್ ಕಿಂಗ್ ಕ್ಯಾನ್ ಸಕ್ ಇಟ್’ ಎಂಬ ಹೆಸರಿಟ್ಟು ಕಳಿಸಿದರು. ತಂಡವೇ ತಿರಸ್ಕರಿಸಿದ್ದು ಈಗ ಸಾವಿರಾರು ಡಾಲರಿಗೆ ಕೈ ಬದಲಾಗುತ್ತದೆ. ನಿಮಗೆ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಎಂದರೆ ಕೈಮುಗಿದು ಮುಂದೆ ನಡೆಯಿರಿ.

ಗೀರು ಓದುವುದು

ಇದೇ ಒರೆಗಲ್ಲು. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ ಕಾಗದದವರೆಗೆ ಒಂದು ಬೆರಳಿನಷ್ಟು ಖಾಲಿ ಜಾಗ ಇರುತ್ತದೆ. ರನ್‌ಔಟ್ ಎನ್ನುತ್ತಾರೆ. ಅಚ್ಚಿಗೆ ಹೋಗುವ ಮೊದಲು ಅಲ್ಲಿ ಕೈಯಿಂದ ಇಲ್ಲವೇ ಯಂತ್ರದಿಂದ ಸಂಖ್ಯೆ ಕೆತ್ತಿರುತ್ತಾರೆ. ಕೆಲವೊಮ್ಮೆ ಕೊರೆದವರ ಗುರುತು, ತಂಡದವರ ತಮಾಷೆಯ ಮಾತೂ ಇರುತ್ತದೆ. ಹೊಲಕ್ಕೆ ಪಹಣಿ ಇದ್ದ ಹಾಗೆ ರೆಕಾರ್ಡಿಗೆ ಇದು.

ಓದುವ ಕ್ರಮ ಹೀಗೆ. ಟ್ಯೂಬ್‌ಲೈಟ್ ಆರಿಸಿ. ತಟ್ಟೆಯ ಅಂಚನ್ನೂ ನಡುವಿನ ಕಾಗದವನ್ನೂ ಮಾತ್ರ ಮುಟ್ಟುವಂತೆ ಹಿಡಿಯಿರಿ. ಮೊಬೈಲಿನ ಟಾರ್ಚನ್ನು ಮೇಲಿನಿಂದ ಬಿಡಬೇಡಿ, ಪಕ್ಕದಿಂದ, ತಟ್ಟೆಯ ಮೈಗೆ ತಾಗುವ ಹಾಗೆ ಬಿಡಿ. ಈಗ ನಿಧಾನಕ್ಕೆ ತಿರುಗಿಸಿ. ಅಲ್ಲಿಯವರೆಗೆ ನುಣ್ಣಗೆ ಕಂಡ ಜಾಗದಲ್ಲಿ ಮೊದಲು ಒಂದು ಗೀಟು, ಆಮೇಲೆ ಅದರ ಪಕ್ಕದ ಅಂಕಿ, ಆಮೇಲೆ ಅವಸರದಲ್ಲಿ ಗೀಚಿದ ಇಡೀ ಸಾಲು ನೆರಳಾಗಿ ಎದ್ದುಬರುತ್ತದೆ. ಹಳದಿ, ಬಿಳಿ, ಪಾರದರ್ಶಕ ತಟ್ಟೆಗಳಲ್ಲಿ ಇದು ಕಷ್ಟ; ಹಿಂದೆ ಒಂದು ಕಪ್ಪು ಬಟ್ಟೆ ಹಿಡಿದರೆ ಕಾಣುತ್ತದೆ. ಎರಡು ಬದಿಯದ್ದನ್ನೂ ಚುಕ್ಕೆ ಬಿಡದೆ ಬರೆದುಕೊಂಡು ನೋಟುಪುಸ್ತಕದ ಜೊತೆ ಹೋಲಿಸಿ. ಅಂಕಿ ಒಂದೇ ಇದ್ದರೆ ಸಾಲದು, ಕೈಬರಹವೂ ಹೊಂದಬೇಕು. ನನ್ನ ಹಳದಿ ತಟ್ಟೆ ಸಿಕ್ಕಿಬಿದ್ದದ್ದು ಅಲ್ಲೇ: ಅಕ್ಷರ ಬರೆದ ಕೈ ಬೇರೆ.

ದೂರದಿಂದ ಕೊಳ್ಳುವಾಗ ಮಾರುವವರಿಂದ ರನ್‌ಔಟಿನ ಚಿತ್ರ ಕೇಳಿ. ಕೊಡುವುದಿಲ್ಲ ಎಂದರೆ ವ್ಯಾಪಾರವೂ ಬೇಡ. ಸ್ಥಿತಿಯನ್ನು ಹೇಳಲು ಅವರು ಬಳಸುವ ಪದಗಳ ಅರ್ಥವೂ ತಿಳಿದಿರಲಿ. ನಿಯರ್ ಮಿಂಟ್ ಎಂದರೆ ಹೊಸದರ ಹಾಗೆ, ವೆರಿ ಗುಡ್ ಪ್ಲಸ್ ಎಂದರೆ ಹೆಚ್ಚು ತೊಂದರೆಯಿಲ್ಲ. ಬರೀ ಗುಡ್ ಎಂದರೆ ಕೆಟ್ಟಿದೆ ಎಂದೇ ತಿಳಿಯಿರಿ.

ತರಿಸುವುದು

ನಮ್ಮ ಕಡೆ ಈ ರೆಕಾರ್ಡುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಕೆಜಿಎಫ್‌ನ ಹಳೆಯ ಗಣಿ ಬಂಗಲೆಗಳ ಕಡೆಯಿಂದ ರೆಕಾರ್ಡ್ ಸಿಕ್ಕರೂ ಅವು ಅರಗಿನ 78 ಸುತ್ತಿನವು, ಇಲ್ಲವೇ ಸಿನಿಮಾ ಹಾಡಿನವು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹಳೆಯ ರೆಕಾರ್ಡ್ ರಾಶಿ ಇರುತ್ತದೆ, ಹುಡುಕುವ ಸುಖಕ್ಕಾಗಿ ಹೋಗಿಬನ್ನಿ. ಹಾರ್ಡ್‌ಕೋರ್ ಬೇಕೆಂದರೆ ಹೊರದೇಶದಿಂದ ತರಿಸುವುದೊಂದೇ ದಾರಿ.

ಒಂದೊಂದೇ ತರಿಸಿದರೆ ರೆಕಾರ್ಡಿಗಿಂತ ಅಂಚೆಯ ಖರ್ಚು ದೊಡ್ಡದಾಗುತ್ತದೆ. ಒಬ್ಬನೇ ಮಾರಾಟಗಾರನಿಂದ ನಾಲ್ಕಾರು ಏಳಿಂಚಿನವು ಒಟ್ಟಿಗೆ ತರಿಸಿ, ಇಲ್ಲವೇ ಗೆಳೆಯರು ಸೇರಿಕೊಳ್ಳಿ. ಸುಂಕ ಇದ್ದೇ ಇರುತ್ತದೆ. ಉಡುಗೊರೆ ಎಂದು ಬರೆಸಿ ತಪ್ಪಿಸಿಕೊಳ್ಳುತ್ತಿದ್ದ ದಾರಿ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ರಸೀದಿಯ ಪ್ರತಿ ಪೊಟ್ಟಣದ ಹೊರಗೆ ಅಂಟಿಸಿ ಕಳಿಸಲು ಹೇಳಿ.

ಮಾರುವವರಿಗೆ ಇನ್ನೊಂದು ಮಾತು ತಪ್ಪದೆ ಬರೆಯಿರಿ: ತಟ್ಟೆಯನ್ನು ಕವರಿನಿಂದ ಹೊರತೆಗೆದು, ಕವರಿನ ಹಿಂದೆ ಬೇರೆಯಾಗಿ ಇಟ್ಟು ಕಟ್ಟಿ ಎಂದು. ಒಳಗೇ ಇದ್ದರೆ ದಾರಿಯಲ್ಲಿ ಕುಲುಕಿದಾಗಲೆಲ್ಲ ತಟ್ಟೆಯ ಅಂಚು ಕವರಿನ ಹೊಲಿಗೆಯನ್ನು ಸೀಳುತ್ತದೆ. ನನ್ನದೊಂದು ಕವರು ಮೂರು ಬದಿ ಬಾಯಿ ಬಿಟ್ಟುಕೊಂಡು ಬಂದಿತ್ತು. ಬೆಲೆಯ ಅರ್ಧ ಪಾಲು ಆ ಕಾಗದದ್ದೇ ಆಗಿತ್ತು.

ನಮ್ಮ ನೀರು, ನಮ್ಮ ಬಿಸಿಲು

ತೊಳೆಯಲು ಬೋರ್‌ವೆಲ್ ನೀರು ಬೇಡವೇ ಬೇಡ. ಸಾವಿರ ಅಡಿ ಕೆಳಗಿನಿಂದ ಬರುವ ನಮ್ಮ ಗಡಸು ನೀರು ಸ್ಟೀಲ್ ಬಿಂದಿಗೆಯಲ್ಲಿ ಬಿಡುವ ಬಿಳಿ ಪೊರೆಯನ್ನು ರೆಕಾರ್ಡಿನ ಗೆರೆಗಳಲ್ಲೂ ಬಿಡುತ್ತದೆ. ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಒಂದು ಲೀಟರಿಗೆ ಎರಡು ಹನಿ ಸಾದಾ ಸೋಪಿನ ದ್ರಾವಣ ಸಾಕು. ಮೆತ್ತನೆಯ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಕಾಗದದ ಲೇಬಲ್ ನೆನೆಯಬಾರದು.

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಕಡೆಯವರಿಗೆ ಇನ್ನೊಂದು ಕಾಟವಿದೆ. ಗಾಳಿ ಎದ್ದಾಗ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಗಣಿ ಮಣ್ಣಿನ ರಾಶಿಗಳ, ನುಣ್ಣನೆಯ ಧೂಳು ಮುಚ್ಚಿದ ಕಿಟಕಿಯಲ್ಲೂ ನುಸುಳುತ್ತದೆ. 2001ರಲ್ಲಿ ಗಣಿ ಮುಚ್ಚಿದರೂ ದಿಬ್ಬ ಎಲ್ಲಿ ಹೋಗುತ್ತದೆ? ಅಂಥ ದಿನಗಳಲ್ಲಿ ರೆಕಾರ್ಡ್ ಹೊರತೆಗೆಯಲೇಬೇಡಿ. ಉಳಿದ ದಿನಗಳಲ್ಲಿ ಹಾಕುವ ಮುಂಚೆ ಕಾರ್ಬನ್ ಫೈಬರ್ ಬ್ರಷ್ ಆಡಿಸಿ.

ರೆಕಾರ್ಡುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಏಪ್ರಿಲ್ ತಿಂಗಳಲ್ಲಿ ಟೇಕಲ್ ರಸ್ತೆಯಲ್ಲಿ ನಿಲ್ಲಿಸಿದ ಕಾರಿನ ಹಿಂಬದಿಯ ಸೀಟಿನಲ್ಲಿ ಒಂದು ಗಂಟೆ ಬಿಟ್ಟರೆ ತಟ್ಟೆ ಹಪ್ಪಳವಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಕವರು ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಥೀನ್‌ನದು ಇರಲಿ. ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ತಟ್ಟೆಯ ಮೇಲೆ ಮಂಜು ಹಿಡಿದ ಹಾಗೆ ಕಲೆ ಕೂರುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ.

ಪ್ಲೇಯರ್ ಬಗ್ಗೆ ಒಂದೇ ಮಾತು: ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳ ಮುಳ್ಳು ತಟ್ಟೆಯ ಮೇಲೆ ಐದಾರು ಗ್ರಾಂ ಭಾರ ಹೇರುತ್ತದೆ, ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ (ಮುಳ್ಳು ಕೂರುವ ಭಾಗ) ಎರಡು ಗ್ರಾಂ ಆಸುಪಾಸು ಸಾಕು. ಅಪರೂಪದ್ದನ್ನು ಮೊದಲನೆಯದರ ಕೈಗೆ ಕೊಡಬೇಡಿ.

ನಕಲಿ ಸಿಕ್ಕಿಬಿದ್ದರೆ ಏನು ಮಾಡುವುದು? ದುಡ್ಡು ವಾಪಸ್ ಕೇಳಿ. ನಾನು ಕೇಳಿದ್ದೆ, ಆ ಮಾರಾಟಗಾರ ಉತ್ತರವನ್ನೇ ಕೊಡಲಿಲ್ಲ. ನನ್ನ ಹಳದಿ ತಟ್ಟೆಯ ಲೇಬಲ್ ಮೇಲೆ ಅಳಿಸದ ಶಾಯಿಯಲ್ಲಿ ‘ನಕಲಿ’ ಎಂದು ಎರಡೂ ಬದಿ ಬರೆದಿದ್ದೇನೆ, ನನ್ನ ನಂತರ ಅದನ್ನು ಯಾರೂ ಯಾರಿಗೂ ಮಾರಬಾರದು. ಹೊಸ ಮುಳ್ಳು ತಂದಾಗ ಮೊದಲು ಓಡಿಸಿ ನೋಡುವುದು ಅದರ ಮೇಲೆಯೇ. ಧ್ವನಿ, ಸುಳ್ಳು ಹೇಳಬಾರದು, ಚೆನ್ನಾಗಿಯೇ ಇದೆ.