ಡಯಾಲಿಸಿಸ್ ವಾರ್ಡಿನಲ್ಲಿ ಧ್ಯಾನ ಮಾಡಿಸಿದ್ದು

ಮಂಡ್ಯದಲ್ಲಿ ಡಯಾಲಿಸಿಸ್ ನರ್ಸ್ ನಾನು. "ಕಣ್ಣು ಮುಚ್ಚಿಸಿ ಕೂರಿಸಿದ್ರೆ ಕಿಡ್ನಿ ಬಂದ್ಬಿಡುತ್ತಾ ಸಿಸ್ಟರ್?" ಅಂತ ನಮ್ಮ ಟೆಕ್ನಿಷಿಯನ್ ನಗುತ್ತಿದ್ದರು. ಈಗ ಅವರೇ ನನಗೆ ಕುರ್ಚಿ ತಂದು ಹಾಕುತ್ತಾರೆ. ಸ್ವಲ್ಪ ಜಂಬ ಬಂದಿದೆ, ಇರಲಿ.

ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡೋ ಧ್ಯಾನ) ಕಲಿಯೋಕೆ ಒಂದು ಆನ್‌ಲೈನ್ ಕೋರ್ಸಿಗೆ 18,000 ಕಟ್ಟಿದೆ. ಜಾನ್ ಕಬಟ್-ಝಿನ್ 1979ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಎಂಟು ವಾರದ ಕ್ರಮ, 45 ನಿಮಿಷದ ಬಾಡಿ ಸ್ಕ್ಯಾನ್ (ಮಲಗಿಕೊಂಡು ಮೈಯ ಒಂದೊಂದೇ ಭಾಗದ ಮೇಲೆ ಗಮನ ಇಡೋದು), ಎಲ್ಲಾ ಹೇಳಿಕೊಟ್ಟರು. ಚಾಪೆ, ದಿಂಬು, ಸ್ಪೀಕರ್ ಅಂತ ಇನ್ನೊಂದು ಆರು ಸಾವಿರ ಹೋಯಿತು. ಸೂಜಿ ಹಾಕಿಸಿಕೊಂಡು ನಾಲ್ಕು ಗಂಟೆ ಮಲಗಿರೋರಿಗೆ ಚಾಪೆ ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ. ಇವತ್ತಿಗೂ ಅಟ್ಟದ ಮೇಲಿದೆ.

ಬಾಡಿ ಸ್ಕ್ಯಾನ್ ಶುರುವಾದರೆ ಅರ್ಧ ಜನ ಗೊರಕೆ. ಉಸಿರು ಗಮನಿಸಿ ಅಂದದ್ದು ಇನ್ನೂ ಎಡವಟ್ಟು. ಮೈಯಲ್ಲಿ ನೀರು ತುಂಬಿಕೊಂಡು ಏದುಸಿರು ಬಿಡುತ್ತಾ ಬಂದವರಿಗೆ ಉಸಿರೇ ಭಯ ಅಲ್ವಾ? ಒಬ್ಬಾಕೆ ಅತ್ತುಬಿಟ್ಟರು. ಮೂರು ತಿಂಗಳು ಸುಮ್ನೆ ಹೋಯಿತು.

ದಾರಿ ತೋರಿಸಿದ್ದು ಪಾಂಡವಪುರ ಕಡೆಯ ಒಬ್ಬ ಅಜ್ಜ. ಒಂದಿನ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಜಾಗ) ಮೇಲೆ ಬೆರಳಿಟ್ಟುಕೊಂಡು, "ಒಳಗೆ ಜೇನ್ನೊಣ ಕೂತಂಗೆ ಗುಯ್ ಅಂತದೆ ಕಣವ್ವ" ಅಂದರು. ಆ ಗುಯ್ ಇದೆಯಾ ಅಂತ ದಿನಾ ಮುಟ್ಟಿ ನೋಡಿಕೊಳ್ಳಿ ಅಂತ ನಾವೇ ಹೇಳಿಕೊಟ್ಟಿರೋದು! ಅದನ್ನೇ ಹಿಡಿದೆ. ಸೂಜಿ ಹಾಕುವ ಮುಂಚೆ ಹತ್ತು ನಿಮಿಷ, ಕಣ್ಣು ತೆರೆದೇ, ಬೆರಳ ತುದಿಯಲ್ಲಿ ಆ ಗುಯ್. ಆಮೇಲೆ ಕೈ ತೊಳೆಸಿ ಮಾಮೂಲಿ ಕೆಲಸ. ಫಿಸ್ಟುಲಾ ಬದಲು ಕತ್ತಿನಲ್ಲಿ ಕ್ಯಾಥೆಟರ್ (ನಳಿಕೆ) ಇರೋರಿಗೆ ಅಂಗಾಲಿನ ಮೇಲೆ ಗಮನ. ಶುರುವಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ಅದು ಮಾತ್ರ ಇಲ್ಲಿ ಬರೆಯಲ್ಲ.

ಒಣದ್ರಾಕ್ಷಿಯನ್ನ ನಿಧಾನಕ್ಕೆ, ಗಮನವಿಟ್ಟು ತಿನ್ನೋ ಕೋರ್ಸಿನ ಪಾಠವೂ ನಮಗಾಗಲಿಲ್ಲ, ಅದರಲ್ಲಿ ಕಿಡ್ನಿ ಕೆಟ್ಟೋರಿಗೆ ಆಗದ ಪೊಟ್ಯಾಶಿಯಂ ಜಾಸ್ತಿ. ಮಂಡ್ಯ ಅಂದ್ಮೇಲೆ ಬೆಲ್ಲ ಅಂದುಕೊಂಡೆ. ಅರ್ಧ ಜನಕ್ಕೆ ಶುಗರ್! ಕೊನೆಗೆ ಐಸ್ ತುಂಡು. ಕಡಿಯೋ ಹಾಗಿಲ್ಲ, ನಾಲಿಗೆ ಮೇಲೆ ಕರಗೋವರೆಗೂ ಬಾಯಾರಿಕೆ ಎಲ್ಲಿದೆ, ಗಂಟಲಲ್ಲೋ ತುಟಿಯಲ್ಲೋ ಅಂತ ಹುಡುಕೋದು. ಆ ನೀರೂ ದಿನಕ್ಕೆ ಇಷ್ಟೇ ಕುಡೀಬೇಕು ಅನ್ನೋ ಲೆಕ್ಕಕ್ಕೆ ಸೇರಿಸಬೇಕು, ಮರೀಬೇಡಿ.

ಅಜ್ಜ ಮೊದಲು ಎರಡು ಡಯಾಲಿಸಿಸ್ ನಡುವೆ ಹತ್ತಿರ ಹತ್ತಿರ ನಾಲ್ಕು ಕೆಜಿ ನೀರಿನ ತೂಕ ಏರಿಸಿಕೊಂಡು ಬರುತ್ತಿದ್ದರು. ಎರಡು ತಿಂಗಳಲ್ಲಿ ಎರಡೂವರೆ ಆಸುಪಾಸಿಗೆ ಬಂತು. ಕ್ರಿಯೇಟಿನಿನ್ (ಕಿಡ್ನಿ ಸೋಸಬೇಕಾದ, ರಕ್ತದಲ್ಲಿನ ಕಸ) ಇಳಿಯಲಿಲ್ಲ, ಇಳಿಯುತ್ತೆ ಅಂತ ನಾನು ಹೇಳಿದ್ದೂ ಇಲ್ಲ. ಮಾತ್ರೆ, ಡಯಾಲಿಸಿಸ್ ಎಲ್ಲಾ ಹಾಗೇ ಇವೆ. ಆದರೆ ನೀರಿನ ಚೊಂಬಿಗಾಗಿ ಮನೆಯಲ್ಲಿ ಜಗಳ ನಿಂತಿದೆ ಅಂತ ಅಜ್ಜಿ ಹೇಳಿದರು.

ಈಗಿನ ಖರ್ಚು? ಎರಡು ಐಸ್ ಟ್ರೇ, 120 ರೂಪಾಯಿ.